ಪದಕ್ಕೊಂದು ನಾಣ್ಯ

ಅಕ್ಕನ ಮುದ್ದಿನ ಮಗಳಿಗೆ ಮಾವನ ಆಶೀರ್ವಾದ.

ನಮ್ಮ ಮನೆಮಾತಿನಲ್ಲಿ ನನ್ನನ್ನು ಮೀರಿಸುವ ಪಂಡಿತ ಭೂಮಿಯ ಮೇಲಿಲ್ಲ. ಆ ಭಾಷೆಯನ್ನು ನಿಜವಾಗಿ ಬಲ್ಲವಳು ನಿನ್ನ ಅಮ್ಮ ಒಬ್ಬಳೇ ಎಂಬುದು ಬೇರೆ ವಿಷಯ. ವಾಚನಾಲಯದ ಹಿಂದಿನ ಕೋಣೆಯಲ್ಲಿ ಅವಳು ನಮಗೆ, ಒಂಬತ್ತು ನರೆತಲೆಗಳಿಗೆ, ಕಲಿಸುತ್ತಾಳೆ. ಊರಿನವರ ಭಾಷೆ ಬಾಯಿಗೆ ಬಂದರೆ ಪದಕ್ಕೊಂದು ನಾಣ್ಯ ದಂಡ.

ಮೊನ್ನೆ ಅವಳು, “ನಿಮ್ಮ ತಲೆಗೆ ಹತ್ತೋದಿಲ್ಲ ಕಣ್ರೋ, ನಾಳೆಯಿಂದ ಪಾಠ ಇಲ್ಲ,” ಎಂದು ಚೀಲ ಎತ್ತಿಕೊಂಡಳು. ನಾನು ಬಾಗಿಲಿಗೆ ಅಡ್ಡ ನಿಂತು, “ನೀನು ಬಿಟ್ರೆ ಈ ಮಾತು ಯಾರ ಬಾಯಲ್ಲಿ ಉಳಿಯುತ್ತೆ ಅಕ್ಕಾ?” ಎಂದು ಶುರುಮಾಡಿ ಬೇಡಿಕೊಂಡೆ. ಅವಳು ಬೆರಳು ಮಡಚಿ ಎಣಿಸುತ್ತಲೇ ಕೇಳಿ, ಮತ್ತೆ ಕುಳಿತಳು.

ದಂಡ ಐದೇ ನಾಣ್ಯವೆಂದು ನಿನ್ನ ಅತ್ತೆಗೆ ಹೇಳಿದ್ದೇನೆ, ನೀನೂ ಹಾಗೇ ಹೇಳು.

ಇಂತಿ,
ಮಹಾಪಂಡಿತ ಮಾವ

ತಾ.ಕ.: ಬೇಡಿಕೊಳ್ಳುವಷ್ಟು ಮನೆಮಾತು ನನಗಿನ್ನೂ ಬಾರದು. ಹೋದದ್ದು ಇನ್ನೂರ ಹದಿನಾಲ್ಕು.