ಪಕ್ಕದ ಗುರಿಹಾಳೆ

ವೆಲ್ಸ್ ತಿರುವು, ಪೆನ್ಸಿಲ್ವೇನಿಯಾ
ಮಾರ್ಚ್ ೧೪

ಪ್ರೀತಿಯ ತಮ್ಮ ಎಮ್ಲಿನ್‌ಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೋಗಿ ಹಾಳೆ ಹರಿದುಹಾಕಿದೆ. ಅದಕ್ಕೇ ಉತ್ತರ ತಡವಾಯಿತು, ಬೈಯಬೇಡ. ನೀನು ಕಳಿಸಿದ ಮೇಪಲ್ ಪಾಕ ತಲುಪಿತು.

ಕಳೆದ ನವೆಂಬರ್‌ನಲ್ಲಿ ಕಣ್ಣೆದುರಿನ ಜಿಂಕೆ ತಪ್ಪಿಹೋದಾಗ ನೀನು ನಿನ್ನ ಭಾವನನ್ನು ಎಷ್ಟು ಆಡಿಕೊಂಡೆ, ನೆನಪಿದೆಯಾ? ದೊಡ್ಡ ರೈಫಲ್ ಹಿಂದಕ್ಕೆ ಒದೆಯುತ್ತದೆಂದು ಟ್ರಿಗರ್ ಎಳೆಯುವ ಮೊದಲೇ ಅವರ ಭುಜ ಸೆಟೆಯುತ್ತಿತ್ತು. "ಒದೆಯದ ಸಣ್ಣ ಗುಂಡಿನ ಪಾಯಿಂಟ್ ಟೂಟೂ ರೈಫಲ್ ಹಿಡಿದು ಚಳಿಗಾಲವೆಲ್ಲ ಹೊಡೀರಿ, ಸರಿಹೋಗುತ್ತೆ" ಎಂದವಳು ನಾನೇ. ಪ್ರತಿ ಮಂಗಳವಾರ ಶೂಟಿಂಗ್ ಕ್ಲಬ್ಬಿಗೆ ಕಾರು ಓಡಿಸಿದವಳೂ ನಾನೇ. ಸರಿಹೋಯಿತು. ಹೊಡೆದ ಗುಂಡಿನ ತೂತೆಲ್ಲ ಒಂದು ನಾಣ್ಯದಡಿ ಮುಚ್ಚಿಹೋಗುವಷ್ಟು ಸರಿಹೋಯಿತು.

ಹೋದ ವಾರ ಪಂದ್ಯ. ಗುರಿಹಾಳೆ ತಂದು ನೋಡಿದರೆ ಇವರದರಲ್ಲಿ ಒಂದು ತೂತೂ ಇಲ್ಲ. ಪಕ್ಕದಲ್ಲಿ ಮಲಗಿ ಹೊಡೆಯುತ್ತಿದ್ದ ಕ್ಷೌರದಂಗಡಿ ಕ್ಲೇಟ್‌ನ ಹಾಳೆಯಲ್ಲಿ ಅಂಚಿಗೆಲ್ಲ ಅವನ ತೂತು, ನಟ್ಟನಡುವೆ ಇವರದು. ಎಲ್ಲರೂ ನಕ್ಕರು. "ರಾಯ್ಸಣ್ಣ, ಹುಟ್ಟಿದ ಮೇಲೆ ನಾನು ಇಷ್ಟು ಚೆನ್ನಾಗಿ ಹೊಡ್ದಿದ್ದು ಇದೇ ಮೊದಲು" ಅಂದ ಕ್ಲೇಟ್. ಇಂಥ ಎಡವಟ್ಟು ಯಾರಿಗಾದರೂ ಒಮ್ಮೆ ಆಗುವುದೇ. ಮನೆ ತಲುಪುವ ತನಕ ನಾನೂ ನಗುತ್ತಿದ್ದೆ.

ನಿನ್ನೆ ಕ್ಲಬ್ಬಿನವರು ಇವರ ಹಾಳೆಗೆ ಕೆಂಪು ಪಟ್ಟಿ ಅಂಟಿಸಿ, ಬೆರಳು ಮಾಡಿ ತೋರಿಸಿ, ಹೊಡೆಯಲು ಮಲಗಿಸಿದರು. ಇವರು ಹೊಡೆದದ್ದು ಮತ್ತೆ ಕ್ಲೇಟ್‌ನ ಹಾಳೆಗೇ. "ಅದು ನಂದೇ ಕಣಯ್ಯಾ, ಎಲ್ಲ ಸೇರ್ಕೊಂಡು ನನ್ನ ಆಟ ಆಡಿಸ್ತಿದ್ದೀರಾ?" ಎಂದು ಇವರು ಎದ್ದು ನಿಂತರು. ಈ ಸಲ ಯಾರೂ ನಗಲಿಲ್ಲ. ಇವರ ಕೈ ನಡುಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ, ತಮ್ಮಾ. ಕೈ ಕಲ್ಲಿನ ಹಾಗಿದೆ, ಗುರಿ ಯಾವುದೆಂಬುದೇ ಮರೆಯುತ್ತಿದೆ.

ಮುಂದಿನ ಬೇಟೆಗೆ ನೀನು ಕಾಡಿನ ತಗ್ಗಿನ ಆಚೆ, ಇವರು ಈಚೆ ಕೂರುವುದು ಬೇಡ. ಬಾ, ಉಂಡು ಹೋಗು, ರೈಫಲ್ ತರಬೇಡ. ಡಾಕ್ಟರ ಹತ್ತಿರ ಹೋಗೋಣವೆಂದರೆ ನನ್ನ ಮಾತು ನಡೆಯುವುದಿಲ್ಲ. ನೀನು ಹೇಳಿದರೆ ಕೇಳಿಯಾರು. ದೇವರು ನಿನ್ನನ್ನೂ ಮಕ್ಕಳನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ವರ್ನಾ

ಮತ್ತೊಂದು ಮಾತು. ಮೇಲೆ ಬರೆಯಲು ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಅಭ್ಯಾಸಕ್ಕೆ ನಿಂತ ಇವರು, "ವರ್ನಾ, ಗಾಳಿಗೆ ಹಾಳೆ ಹಾರ್ತಿದೆ, ಬೇಲಿ ಹತ್ರ ಹೋಗಿ ಹಿಡ್ಕೊಂಡು ನಿಂತ್ಕೋ" ಅಂದರು. ಕೈಯಲ್ಲಿ ಗುಂಡು ತುಂಬಿದ ರೈಫಲ್. ಮದುವೆಯಾದಾಗಿನಿಂದ ಅವರು ಕರೆದು ಕೆಲಸ ಹೇಳಿದರೆ ಯಾಕೆಂದು ಕೇಳಿದವಳಲ್ಲ ನಾನು. ಅರ್ಧ ದಾರಿ ನಡೆದುಬಿಟ್ಟಿದ್ದೆ, ಎಮ್ಲಿನ್.