ಡಿಪೆಂಡೆಂಟ್ ನಂಬರ್ ಒಂದು

೧೮ ನವೆಂಬರ್, ಸೋಮವಾರ. ಬೆಳಿಗ್ಗೆ ೬.೩೦

ಕೂಸು ಐದಕ್ಕೇ ಎದ್ದಿತು. ಆದ್ದರಿಂದ ನಾನೂ. ಅದರ ಒದ್ದೆ ಅರಿವೆ ಬದಲಿಸಿದೆ. ಐವತ್ತು ಸೆಕೆಂಡು, ಹೊಸ ದಾಖಲೆ. ನೋಡಿ ಮೆಚ್ಚುವವರು ಯಾರೂ ಇರಲಿಲ್ಲ. ಕೂಸಿನ ತಾಯಿ ಪಕ್ಕದೂರು ಮಲ್ಲಸಮುದ್ರದ ತನಕ ಓಡಲು ಹೋಗಿದ್ದಳು. ಹೆರಿಗೆ ರಜೆ ಮುಗಿಯುತ್ತ ಬಂತು. ಮತ್ತೆ ಹೆಲಿಕಾಪ್ಟರ್ ಹತ್ತಬೇಕಾದರೆ ಮೆಡಿಕಲ್ ಪಾಸಾಗಬೇಕು. ದಾರಿಯಲ್ಲಿ ಒಬ್ಬ ಅಜ್ಜ ಬಂಡಿ ನಿಲ್ಲಿಸಿ ಕೇಳಿದನಂತೆ:

"ಯಾರ್ ಬೆನ್ನು ಹತ್ಯಾರವಾ? ಬಾ, ಬಂಡಿ ಹತ್ತು."

ಸ್ಕ್ವಾಡ್ರನ್ ಲೀಡರ್ ಅಂಕಿತಾ, ವಾಯುಪಡೆ, ಬಂಡಿ ಹತ್ತಲಿಲ್ಲ.

ವಸ್ತುಗಳು ಏಕೆ ಕೆಳಗೆ ಬೀಳುತ್ತವೆ ಎಂದು ಪಿಯುಸಿ ಮಕ್ಕಳಿಗೆ ಕಲಿಸುವವನು ನಾನು. ಬೀಳದಂತೆ ನೋಡಿಕೊಳ್ಳುವವಳು ಅವಳು. ಸಂಸಾರ ಹೀಗೆ ಸಮತೋಲದಲ್ಲಿದೆ.

ಅದೇ ದಿನ, ಸಂಜೆ

ಸಮತೋಲದ ಬಗ್ಗೆ ಬೆಳಿಗ್ಗೆ ಬರೆದದ್ದನ್ನು ವಾಪಸು ಪಡೆಯಲಾಗಿದೆ. ಪೋಸ್ಟಿಂಗ್ ಬಂತು. ಜೋರ್ಹಾಟ್, ಅಸ್ಸಾಂ. ಜನವರಿ ಆರಕ್ಕೆ ಹಾಜರಾಗಬೇಕು.

ಮದುವೆಯಾಗಿ ಐದು ವರ್ಷ. ಹಕೀಂಪೇಟ, ಸೂಲೂರು, ಬಾಗ್ಡೋಗ್ರಾ... ಅವಳಿಗೆ ಇದು ನಾಲ್ಕನೆಯ ವಿಳಾಸ. ನನ್ನದು ಒಂದೇ: ಗದಗ, ಅಪ್ಪನ ಮನೆ, ಮಹಡಿ ಮೇಲೆ. ರಜೆ ಸಿಕ್ಕಾಗಲೆಲ್ಲ ಕಡಕ್ ರೊಟ್ಟಿಯ ಡಬ್ಬಿ ಹಿಡಿದು ಬೀಗರಂತೆ ಹೋಗಿ, ಬೀಗರಂತೆ ತಿರುಗಿ ಬಂದವನು. ಕೂಸಿನ ವಿಚಾರ ಎರಡು ಸಲ ಮುಂದೂಡಿದೆವು. ಒಮ್ಮೆ ಅವಳ ಕೋರ್ಸು. ಒಮ್ಮೆ ವರ್ಗ. ಮೂರನೆಯ ಸಲ ಕೂಸು ನಮ್ಮನ್ನು ಕೇಳಲಿಲ್ಲ.

ಊಟಕ್ಕೆ ಕೂತಾಗ ಅಪ್ಪ ತೀರ್ಪು ಕೊಟ್ಟ.

"ಕೂಸು ಇಲ್ಲೇ ಇರ್ಲಿ. ನಿಮ್ಮವ್ವ ನೋಡ್ಕೋತಾಳ. ಶಿವಯೋಗಿ, ನೀ ಹೆಂಗೂ ಇಲ್ಲೇ ಇರ್ತಿ. ಅಂಕಿತಾ ರಜಾ ಸಿಕ್ಕಾಗ ಬಂದು ನೋಡಿ ಹೋಗ್ಲಿ."

ಅಂಕಿತಾ ರೊಟ್ಟಿ ಮುರಿದಳು. ತಿನ್ನಲಿಲ್ಲ.

ನಾನು: "ಕೂಸು ತಾಯಿ ಜೋಡಿ ಹೋಗತೈತಿ. ಕೂಸಿನ ಜೋಡಿ ನಾ ಹೋಗತೀನಿ."

ಅಂದ ಮೇಲೆ ನನಗೇ ಗಾಬರಿ. ಮುಚ್ಚಿಕೊಳ್ಳಲು ಇನ್ನಷ್ಟು ಪಲ್ಯ ಹಾಕಿಸಿಕೊಂಡೆ.

೨೧ ನವೆಂಬರ್, ಗುರುವಾರ

ಸುದ್ದಿ ನನಗಿಂತ ಮೊದಲೇ ಸ್ಟಾಫ್ ರೂಮು ತಲುಪಿತ್ತು. ರಸಾಯನಶಾಸ್ತ್ರದ ಮೊಹಸಿನ್ ಸರ್ ಎದ್ದು ನಿಂತು ಕುರ್ಚಿ ಕೊಟ್ಟರು.

"ಕುಂಡ್ರಿ ಸರ. ಗಂಡನ ಮನಿಗೆ ಯಾವಾಗ ಹೊಂಟ್ರಿ?"

"ಜನೆವರಿ ಮೂರಕ್ಕ."

"ಅಳಬ್ಯಾಡ್ರಿ. ಮೊದಮೊದಲು ಹಂಗ ಅನಸತೈತಿ. ಆಮ್ಯಾಲೆ ಹೊಂದ್ಕೋತೀರಿ."

ಪ್ರಾಚಾರ್ಯರ ಮುಂದೆ ಎರಡು ವರ್ಷ ಸಂಬಳವಿಲ್ಲದ ಬಿನ್ ಪಗಾರಿ ರಜೆಯ ಅರ್ಜಿ ಇಟ್ಟೆ. ಕಾರಣ: ಪತ್ನಿಯ ವರ್ಗ. ಎರಡು ಸಲ ಓದಿದರು.

"ಗಂಡ ಹೆಂಡತಿ ಹಿಂದ ಹೋಗೂದು ನಮ್ಮ ನಿಯಮದಾಗ ಇಲ್ಲಲ್ಲ."

"ಹೆಂಡತಿ ಗಂಡನ ಹಿಂದ ಹೋಗೂದು ಐತೇನ್ರಿ?"

"ಅದಕ್ಯಾಕ ಬೇಕು ನಿಯಮ?"

ಅರ್ಜಿಯ ಹಿಂಬದಿಯಲ್ಲೇ ರಾಜೀನಾಮೆ ಬರೆದುಕೊಟ್ಟೆ. ಕಾಗದ ಹಾಳಾಗಬಾರದು.

೩೦ ನವೆಂಬರ್, ಶನಿವಾರ

ವಾಯುಪಡೆಯ ಡಿಪೆಂಡೆಂಟ್ ಕಾರ್ಡಿನ ಫಾರ್ಮ್ ತುಂಬುತ್ತ ಕೂತಿದ್ದೆ. ಅಪ್ಪ ಓದುವ ಚಾಳೀಸು ಮೂಗಿಗೇರಿಸಿ ಬಂದ.

"ಏನಿದು, ಡಿಪೆಂಡೆಂಟ್ ಅಂದ್ರ?"

"ಅವಲಂಬಿತ. ನಾ ನಂಬರ್ ಒಂದು, ಕೂಸು ನಂಬರ್ ಎರಡು."

"ಮೂವತ್ನಾಕು ವರ್ಷದ ಗಂಡಸು ಹೆಂಡತಿ ಕಾರ್ಡಿನ್ಯಾಗ ಅವಲಂಬಿತ! ಮಂದಿ ಏನಂದಾರು?"

"ಕೂಸಿಗೂ ಅದ ಫಾರ್ಮ್. ಅದೇನು ಮರ್ಯಾದಿ ಹೋತು ಅಂತ ಅತ್ತಿಲ್ಲ."

ಅಪ್ಪ ಎದ್ದು ಹೋದ. ಫಾರ್ಮಿಗೆ ಹಚ್ಚಿದ ಫೋಟೋದಲ್ಲಿ ನಾನು ಗಂಭೀರ. ಕೂಸು ನಗುತ್ತಿದೆ.

೮ ಡಿಸೆಂಬರ್, ರವಿವಾರ

ಇಂದಿನದನ್ನು ವಾರಪತ್ರಿಕೆಗೆ ನಾನು ಬರೆಯುವ ಹಾಸ್ಯ ಕಾಲಮ್ಮಿಗೆ ಕೊಟ್ಟಿದ್ದರೆ ಗದಗ-ಬೆಟಗೇರಿ ಒಂದು ವಾರ ನಗುತ್ತಿತ್ತು. ಕೊಡುವುದಿಲ್ಲ.

ಅಪ್ಪ ಬೆಳಿಗ್ಗೆಯೇ ಬಿಳಿ ಧೋತರ ಉಟ್ಟು ಎಲ್ಲಿಗೋ ಹೋಗಿದ್ದ. ಮಧ್ಯಾಹ್ನ ಬಂದವನ ಕೈಯಲ್ಲಿ ಒಬ್ಬ ಮುಖಂಡರ ಪತ್ರ. ಸೀಲು, ಸಹಿ ಎಲ್ಲ ಇತ್ತು. ನಿಂತುಕೊಂಡು ಓದಿದ: "ಮಾನ್ಯ ವಾಯುಪಡೆಯವರಿಗೆ. ನಿವೃತ್ತ ಪಶುವೈದ್ಯ ಕಂಪೌಂಡರ್ ಶ್ರೀ ಕೊಟ್ರಪ್ಪ ಇವರ ಸೊಸೆಯನ್ನು ಗದಗಕ್ಕೆ ಸಮೀಪದ ವಿಮಾನ ನಿಲ್ದಾಣಕ್ಕೆ ಹಾಕಿಕೊಡಲು ಕೋರಲಾಗಿದೆ. ಹುಬ್ಬಳ್ಳಿ ಆದರೂ ನಡೆಯುತ್ತದೆ."

ಅಂಕಿತಾ ನನ್ನ ಮುಖ ನೋಡಿದಳು. ನಾನು ಕೂಸಿನ ಮುಖ ನೋಡಿದೆ.

"ಮಾವಾರ, ವಾಯುಪಡೆ ಅಂದ್ರ..."

"ಎಲ್ಲಾ ಖಾತೇನೂ ಒಂದವಾ. ನಾ ಮುಂಡರಗಿ ವರ್ಗ ಎರಡು ಸಲ ರದ್ದು ಮಾಡಿಸೀನಿ. ಇಂಥಾದ ಒಂದು ಪತ್ರ, ಆತು!"

"ಯಾಕ ರದ್ದು ಮಾಡಿಸಿದ್ದಿ?" ನನ್ನ ಪ್ರಶ್ನೆ.

"ಭಜನಿ ಮೇಳ ಒಡೀತಿತ್ತಲೇ. ತಬಲಾ ಬಾರಿಸಾಂವ ನಾ ಒಬ್ಬನ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

"ಮತ್ತ ಲಕ್ಷ್ಮೇಶ್ವರದ್ದು?"

"ಯಾವುದು?"

"ಲಕ್ಷ್ಮೇಶ್ವರದಿಂದ ನಿಮ್ಮನ್ನ ಶಿರಹಟ್ಟಿಗೆ ಹಾಕಿದ್ದು. ನನ್ನ ಹೊಲಿಗಿ ಕ್ಲಾಸಿಗೆ ಹದಿನಾಕು ಹುಡುಗ್ಯಾರು ಬರತಿದ್ರು. ಒಂದು ವರ್ಷ ಇದ್ದು ಹೋಗೂನು ಅಂದೆ. ನೀವೇನಂದ್ರಿ? ಸರಕಾರಿ ಹುಕುಂ, ಯಾರ್ ಬಂದ್ರೂ ಬದಲಾಗಂಗಿಲ್ಲ ಅಂದ್ರಿ."

ಅಪ್ಪ ಪತ್ರವನ್ನು ತಿರುಗಿಸಿ ನೋಡಿದ. ಹಿಂದೆ ಏನೂ ಬರೆದಿರಲಿಲ್ಲ.

"ಆಗಿನ ಮಾತು ಬ್ಯಾರೆ..."

"ಹೌದು, ಬ್ಯಾರೆ. ಆಗ ಬಿಟ್ಟು ಹೊಂಟಾಕಿ ನಾ."

ನಲವತ್ತು ವರ್ಷದಲ್ಲಿ ಅವ್ವ ಒಂಬತ್ತು ಮನೆ ಬದಲಿಸಿದ್ದಾಳೆ. ಎಲ್ಲವೂ ಬಸ್ಸಿಗೆ ಒಂದೆರಡು ತಾಸಿನ ದಾರಿ. ಅವಳನ್ನು ಯಾರೂ ಡಿಪೆಂಡೆಂಟ್ ಎಂದು ಕರೆಯಲಿಲ್ಲ, ಕೇಳಲೂ ಇಲ್ಲ. ಆ ಹದಿನಾಲ್ಕು ಹುಡುಗಿಯರ ಸುದ್ದಿ ನಾನು ಕೇಳಿದ್ದು ಇದೇ ಮೊದಲು.

ಅಂಕಿತಾ ಮೆಲ್ಲಗೆ ಹೇಳಿದಳು: "ಮಾವಾರ, ಈ ಪತ್ರ ಹೋದ್ರ ವರ್ಗ ರದ್ದಾಗಂಗಿಲ್ಲ. ನನ್ನ ಹೆಸರು ಕೆಡತೈತಿ. ಅಲ್ದ... ನನಗ ಜೋರ್ಹಾಟ್ ಬೇಕ್ರಿ. ನಾ ಹಾರಬೇಕು."

ಅವ್ವ ಅಪ್ಪನ ಕೈಯಿಂದ ಪತ್ರ ತೆಗೆದು ಕೂಸಿಗೆ ಕೊಟ್ಟಳು. ಹಲ್ಲು ಬರುತ್ತಿರುವ ಹೊತ್ತು. ಕೂಸು ಸೀಲನ್ನೇ ಮೊದಲು ಚೀಪಿತು.

೧೫ ಡಿಸೆಂಬರ್, ರವಿವಾರ

ಅಪ್ಪ ಮಾತು ಬಿಟ್ಟಿದ್ದಾನೆ. ನನ್ನೊಂದಿಗೆ, ಅಂಕಿತಾಳೊಂದಿಗೆ, ತಬಲಾದೊಂದಿಗೆ.

ಕಾಲಮ್ಮು ಬರೆಯುವವನಿಗೆ ಯಾವ ಹೆದರಿಕೆಯೂ ಇಲ್ಲ. ಈ ದಿನಚರಿ ಬರೆಯುವವನಿಗೆ ಇದೆ. ಜೋರ್ಹಾಟದಲ್ಲಿ ನಾನು ಯಾರು? ಮೇಡಂ ಅವರ ಯಜಮಾನರು. ಎರಡು-ಮೂರು ವರ್ಷಕ್ಕೆ ಅಲ್ಲಿಂದಲೂ ಎತ್ತಂಗಡಿ. ಏನಾದರೂ ಶುರು ಮಾಡಿ, ಬೇರು ಬಿಟ್ಟು, ಕಿತ್ತುಕೊಂಡು, ಮತ್ತೆ ಶುರು...

ಸಂಜೆ ಅವರೆಕಾಯಿ ಬಿಡಿಸುತ್ತ ಅವ್ವ ಕೇಳಿದಳು.

"ನಿನ್ನ ಯಾರಾರ ಕಳಸಾಕತ್ತಾರೋ, ನೀನ ಹೊಂಟೀಯೋ?"

"ನಾನ ಹೊಂಟೀನಿ."

"ಆತು ಹಂಗಾರ. ಅಲ್ಲೆ ಹುಡುಗೂರಿಗೆ ಏನಾರ ಕಲಸು. ಕೈ ಖಾಲಿ ಇಟ್ಕೊಂಡು ಕುಂದ್ರಬ್ಯಾಡ. ನಾ ಕುಂತೆ."

ಇನ್ನೊಂದು ಹಿಡಿ ಕಾಯಿ ಎಳೆದುಕೊಂಡು: "ಎರಡನೇ ಕೂಸು ಯಾವಾಗ ಅಂತ ಮಂದಿ ಕೇಳ್ಯಾರ. ಸರಕಾರಿ ಹುಕುಂ ಬಂದಿಲ್ಲ ಅಂದೀನಿ."

ನಕ್ಕೆ. ಅವ್ವ ನಗಲಿಲ್ಲ. ಈ ಮನೆಯ ಹಾಸ್ಯ ಲೇಖಕ ಯಾರು ಎಂಬುದು ಇಂದು ಇತ್ಯರ್ಥವಾಯಿತು.

೩ ಜನವರಿ, ಶುಕ್ರವಾರ. ರೈಲಿನಲ್ಲಿ, ಮಧ್ಯಾಹ್ನ

ಕೊಪ್ಪಳ ದಾಟಿತು. ಮೇಲಿನ ಬರ್ತಿನಲ್ಲಿ ವಾಯುಪಡೆ ಗೊರಕೆ ಹೊಡೆಯುತ್ತಿದೆ. ನನ್ನ ತೊಡೆಯ ಮೇಲೆ ಒಂದು ಕಡೆ ಕೂಸು. ಇನ್ನೊಂದು ಕಡೆ ಗಂಟು.

ಗಂಟಿನದು ಬರೆದಿಡಬೇಕು.

ಹೊರಡುವ ಹೊತ್ತಿಗೆ ಅವ್ವ ಅಂಕಿತಾಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಅರಿಶಿನ ಕೊಂಬು, ಕುಬಸದ ಖಣ. ಸೊಸೆ ಎದ್ದಳು. ಅವ್ವ ಮಣೆ ತೆಗೆಯಲಿಲ್ಲ.

"ಶಿವಯೋಗಿ, ಕುಂದ್ರು."

ಕೂಸಿನ ದೃಷ್ಟಿ ತೆಗೆಯಲು ಬಂದಿದ್ದ ಪಕ್ಕದ ಮನೆಯ ಬಸವಣ್ಣೆವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯ ನಮ್ಮವ್ವ! ಗಂಡಸಿಗೆ ಉಡಿ ತುಂಬ್ತಾರೇನ ಗದಿಗೆವ್ವಾ?"

"ಮನಿ ಬಿಟ್ಟು ಹೊಂಟವ್ರಿಗೆ ತುಂಬ್ತಾರ. ನೋಡು, ಯಾರ್ ಹೊಂಟಾರ."

ಕೂತೆ. ಅಂಗಿ-ಪ್ಯಾಂಟಿಗೆ ಉಡಿ ಎಲ್ಲಿದೆ? ಎರಡೂ ಕೈ ಚಾಚಿದೆ, ಸಾಲದು. ಆಗ ಅಪ್ಪ, ಸುಮಾರು ಒಂದು ತಿಂಗಳಿಂದ ಮಾತಿಲ್ಲದ ಅಪ್ಪ, ಹೆಗಲ ಮೇಲಿನ ಟವೆಲ್ಲು ತೆಗೆದು ನನ್ನ ತೊಡೆಯ ಮೇಲೆ ಒಗೆದ.

"ಸರಿಯಾಗಿ ಹಿಡಿಲೇ. ಅಕ್ಕಿ ಚೆಲ್ಲತಾವು."

ಐದು ಹಿಡಿ ಅಕ್ಕಿ. ಕೊಬ್ಬರಿ ಬಟ್ಟಲು. ಅರಿಶಿನ ಕೊಂಬು. ಖಣದ ಜಾಗಕ್ಕೆ ಬಂದದ್ದು ಸುರುಳಿ ಸುತ್ತಿದ ಹಳೆಯ ಅಳತೆ ಟೇಪು. ಹಳದಿ ಹೋಗಿ ಕಂದಾಗಿದೆ, ಅಂಕಿಗಳು ಅರ್ಧ ಅಳಿಸಿವೆ. ಲಕ್ಷ್ಮೇಶ್ವರದ ಹೊಲಿಗೆ ಕ್ಲಾಸಿನದು. ಅಲ್ಲಿಂದ ಮನೆಮನೆ ದಾಟಿ ಬಂದದ್ದು.

"ಕೂಸು ಎಷ್ಟು ಬೆಳೀತು ಅಂತ ತಿಂಗಳಾ ಅಳದು ಫೋನ್ ಮಾಡು. ಅಂದಾಜಿಲೆ ಹೇಳಬ್ಯಾಡ."

ಬಸವಣ್ಣೆವ್ವ ಈಗಾಗಲೇ ಇಡೀ ಓಣಿಗೆ ಹೇಳಿರುತ್ತಾಳೆ. ಹೇಳಲಿ. ಕಾಗುಣಿತ ತಪ್ಪಿಲ್ಲದೆ ಹೇಳಲಿ: ಶಿವಯೋಗಿ, ಉಡಿ ತುಂಬಿಸಿಕೊಂಡು ಗಂಡನ ಮನೆಗೆ ಹೋದ.

ಡಿಪೆಂಡೆಂಟ್ ನಂಬರ್ ಎರಡು ಎದ್ದಿತು. ಟೇಪಿನ ತುದಿ ಆಗಲೇ ಬಾಯಲ್ಲಿದೆ. ಒಳ್ಳೆಯದೇ ಆಯಿತು, ಸೊನ್ನೆ ಅಲ್ಲಿಂದಲೇ ಹಿಡಿಯೋಣ. ಅರವತ್ತೈದು ಸೆಂಟಿಮೀಟರು. ಇಲ್ಲ, ಕಾಲು ಮಡಚಿದೆ. ತಡಿ ತಾಯಿ, ಅಜ್ಜಿ ಅಂದಾಜಿಗೆ ಒಪ್ಪುವುದಿಲ್ಲ. ನೆಟ್ಟಗೆ ಚಾಚಿದರೆ ಅರವತ್ತೇಳು.