ನಾಲ್ಕನೆಯ ಜೊತೆ

ಅಮ್ಮಾ,

ಊರು ನೋಡಲೆಂದು ಬಂದವಳು ನಾನು, ನೋಡಿದ್ದು ಬರೀ ಚಪ್ಪಲಿ. ಅಪ್ಪ, ತಮ್ಮ, ತಂಗಿಯ ಪಾದ ಅಳೆದು ನೀನು ಕತ್ತರಿಸಿ ಕೊಟ್ಟ ಮೂರು ದಾರ ಹಿಡಿದು ಇಡೀ ಪೇಟೆಬೀದಿ ಅಲೆದೆ. "ಏನ್ ಮೇಡಂ, ನಂಬರ್ ಗೊತ್ತಿಲ್ವಾ?" ಎಂದು ಅಂಗಡಿಯವರೆಲ್ಲ ನಕ್ಕರು.

ಹೊರಡುವಾಗ ನಿನ್ನ ಅಳತೆ ಕೇಳಿದರೆ "ನಂಗ್ಯಾಕೆ? ನಾನೆಲ್ಲಿಗೆ ಹೋಗ್ಬೇಕು?" ಅಂದೆ. ಆ ಮಾತು ಕೇಳಿ ಕೇಳಿ ನನಗೆ ತಲೆ ಚಿಟ್ಟುಹಿಡಿದಿದೆ.

ಕೊನೆಗೆ ಹೋಟೆಲೊಂದರಲ್ಲಿ ಕಾಲು ನೀವಿಕೊಳ್ಳುತ್ತ ಕೂತಾಗ ಹೊಳೆಯಿತು. ಇಷ್ಟು ವರ್ಷ ನೀನು ಸವೆಸಿದ್ದು ನಾನು ಹಾಕಿ ಬಿಟ್ಟ ಚಪ್ಪಲಿಗಳನ್ನೇ. ನಾಲ್ಕನೆಯ ಜೊತೆಯನ್ನು ನನ್ನ ಕಾಲಿಗೇ ಹಾಕಿ ನೋಡಿ ಕೊಂಡೆ.

ಎಲ್ಲವೂ ಈ ಪಾರ್ಸಲಿನಲ್ಲಿವೆ. ನಿನ್ನದನ್ನು ತಂಗಿಗೆ ದಾಟಿಸುವ ಯೋಚನೆ ಬೇಡ. ಅವಳ ದಾರ ಇಟ್ಟು ನೋಡಿಯೇ ತೆಗೆದುಕೊಂಡಿದ್ದೇನೆ, ಅವಳ ಕಾಲಲ್ಲಿ ಅದು ನಿಲ್ಲುವುದಿಲ್ಲ.

ನಿನ್ನದೇ ಅಳತೆಯ
ದೊಡ್ಡ ಮಗಳು